ಮುಖ ಗುರುತಿಸುವ ಬಾಗಿಲ ಬೀಗವನ್ನು ಮನೆಯಲ್ಲೇ ಪರೀಕ್ಷಿಸುವ ಕ್ರಮ

ಬೀಗ ಜೋಡಿಸಲು ಬಂದ ತಂತ್ರಜ್ಞರು ಹೊರಡುವ ಮುನ್ನ ಸಾಮಾನ್ಯವಾಗಿ ಒಂದೇ ಪರೀಕ್ಷೆಯನ್ನು ಮಾಡಿ ತೋರಿಸುತ್ತಾರೆ. ಮನೆಯ ಯಜಮಾನರ ಮುಖವನ್ನು ನೋಂದಾಯಿಸಿ, ಅವರನ್ನು ಬಾಗಿಲ ಎದುರು ನಿಲ್ಲಿಸಿ, ಬೀಗ ತೆರೆದುಕೊಂಡ ಕೂಡಲೇ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಇದರಿಂದ ಕ್ಯಾಮೆರಾ ಮತ್ತು ಮೋಟಾರು ಕೆಟ್ಟಿಲ್ಲವೆಂದು ತಿಳಿಯುತ್ತದೆಯೇ ಹೊರತು ಬೇರೇನೂ ತಿಳಿಯುವುದಿಲ್ಲ. ಒಳಗೆ ಬರಬಾರದವರಿಗೆ ಬಾಗಿಲು ತೆರೆಯದೆ ಇರುವುದು ಬೀಗದ ಮೊದಲ ಕೆಲಸ, ಆ ಕೆಲಸವನ್ನು ಅದು ಮಾಡುತ್ತದೆಯೇ ಎಂಬುದನ್ನು ಯಾರೂ ನಮಗೆ ಪರೀಕ್ಷಿಸಿ ತೋರಿಸುವುದಿಲ್ಲ. ಅದನ್ನು ಮನೆಯವರೇ ಮಾಡಿಕೊಳ್ಳಬೇಕು. ಅದೂ ಅಂಗಡಿಯವರು ಹಿಂತಿರುಗಿಸಲು ಕೊಟ್ಟಿರುವ ಅವಧಿ ಮುಗಿಯುವುದರೊಳಗೆ ಮಾಡಬೇಕು.

ಇಲ್ಲಿನ ಸೂಚನೆಗಳು ಮುಖ್ಯವಾಗಿ ಫ್ಲ್ಯಾಟ್‌ಗಳ ಮತ್ತು ಬಿಡಿ ಮನೆಗಳ ಮುಂಬಾಗಿಲಿಗೆ ಕೂರಿಸುವ, ಬ್ಯಾಟರಿಯಿಂದ ನಡೆಯುವ ಡಿಜಿಟಲ್ ಲಾಕ್‌ಗಳನ್ನು ಕುರಿತವು. ಅಪಾರ್ಟ್‌ಮೆಂಟ್‌ನ ಪ್ರವೇಶದ್ವಾರದಲ್ಲಿ ಅಥವಾ ಕಚೇರಿಯಲ್ಲಿ ಗೋಡೆಗೆ ಮುಖ ಓದುವ ಯಂತ್ರವನ್ನೂ ಬಾಗಿಲ ತಲೆಗೆ ಮ್ಯಾಗ್ನೆಟಿಕ್ ಲಾಕನ್ನೂ ಹಾಕಿರುತ್ತಾರೆ. ಅಲ್ಲಿ ಭಿನ್ನವಾಗಿ ನೋಡಬೇಕಾದ ಸಂಗತಿಗಳನ್ನು ಆಯಾ ಸ್ಥಳದಲ್ಲಿ ಹೇಳಿದೆ. ಪರೀಕ್ಷೆ ನಡೆಯುವುದು ನಿಮ್ಮ ಸ್ವಂತ ಬೀಗದ ಮೇಲೆ, ಮುಖ ಒಡ್ಡುವವರೆಲ್ಲರ ಒಪ್ಪಿಗೆಯಿಂದ ಎಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಮೊದಲು ಮಾಡಿಕೊಳ್ಳಬೇಕಾದ ಸಿದ್ಧತೆ

ಮೊದಲ ದಿನದ ಪರೀಕ್ಷೆಗಳನ್ನೆಲ್ಲ ಬಾಗಿಲನ್ನು ತೆರೆದಿಟ್ಟುಕೊಂಡೇ ಮಾಡಬೇಕು. ಬೀಗದ ಬೋಲ್ಟ್ ಹೊರಗೆ ಬರುವುದು, ಒಳಗೆ ಸರಿಯುವುದು ತೆರೆದ ಬಾಗಿಲಿನಲ್ಲೂ ಕಾಣುತ್ತದೆ, ಮತ್ತು ಏನಾದರೂ ಸಿಕ್ಕಿಕೊಂಡರೆ ಯಾರೂ ಹೊರಗೆ ಉಳಿಯುವ ಪ್ರಮೇಯ ಬರುವುದಿಲ್ಲ. ಬೀಗದ ಜೊತೆಗೆ ಬಂದ ಲೋಹದ ಕೀಲಿಯನ್ನು ಮನೆಯೊಳಗಿನ ಬೀರುವಿನಲ್ಲಿ ಇಡದೆ ಪಕ್ಕದ ಮನೆಯವರ ಕೈಗೋ ನಿಮ್ಮ ಜೇಬಿಗೋ ಸೇರಿಸಿ, ಆ ಕೀಲಿ ನಿಜವಾಗಿಯೂ ತಿರುಗುತ್ತದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಎರಡನೆಯದಾಗಿ, ಮುಖವೊಂದನ್ನು ಬಿಟ್ಟು ಬೀಗ ತೆರೆಯುವ ಉಳಿದ ದಾರಿಗಳನ್ನೆಲ್ಲ ತಾತ್ಕಾಲಿಕವಾಗಿ ಮುಚ್ಚಬೇಕು. ಇಂದಿನ ಬೀಗಗಳಲ್ಲಿ ಬೆರಳಚ್ಚು, ಪಿನ್, ಕಾರ್ಡು, ಮೊಬೈಲ್ ಆ್ಯಪ್ ಎಲ್ಲವೂ ಒಟ್ಟಿಗೆ ಇರುತ್ತವೆ. ಕೆಲವು ಮಾದರಿಗಳು ಜೇಬಿನಲ್ಲಿರುವ ಮೊಬೈಲಿನ ಬ್ಲೂಟೂತ್ ಸಂಕೇತ ಹತ್ತಿರ ಬಂದರೇ ತೆರೆದುಕೊಳ್ಳುತ್ತವೆ. ಆಗ ಕತ್ತಲಲ್ಲಿ ಮುಖ ತೋರಿಸಿ ಬಾಗಿಲು ತೆರೆದಾಗ, ತೆರೆದದ್ದು ಮುಖಕ್ಕೋ ಮೊಬೈಲಿಗೋ ಎಂಬುದು ಗೊತ್ತಾಗುವುದಿಲ್ಲ. ಪ್ರತಿ ಪ್ರಯತ್ನಕ್ಕೆ ಮೊದಲು ಬೀಗ ಮತ್ತೆ ಹಾಕಿಕೊಂಡಿದೆಯೇ ಎಂಬುದನ್ನು ಕಣ್ಣಾರೆ ಕಂಡೇ ಮುಂದುವರಿಯಬೇಕು.

ಮೂರನೆಯ ಎಚ್ಚರಿಕೆ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಕೆಲವು ಮುಖ ಗುರುತಿಸುವ ವ್ಯವಸ್ಥೆಗಳು ಬಳಕೆಯ ಜೊತೆಜೊತೆಗೇ ಕಲಿಯುತ್ತವೆ. ಆ್ಯಪಲ್‌ನ ಫೇಸ್ ಐಡಿ (ಮುಖ ನೋಡಿ ಐಫೋನ್ ತೆರೆಯುವ ವ್ಯವಸ್ಥೆ) ಇದಕ್ಕೆ ತಿಳಿದಿರುವ ಉದಾಹರಣೆ: ಮುಖ ಸ್ವಲ್ಪದರಲ್ಲಿ ಹೊಂದದೆ ಹೋಗಿ, ಕೂಡಲೇ ಸರಿಯಾದ ಪಾಸ್‌ಕೋಡ್ ಒತ್ತಿದರೆ, ಅದು ಮುಖವನ್ನು ಮತ್ತೊಮ್ಮೆ ಸೆರೆಹಿಡಿದು ತನ್ನ ನೆನಪಿಗೆ ಸೇರಿಸಿಕೊಳ್ಳುತ್ತದೆ. ಗಡ್ಡ ಬೆಳೆಸಿದವರಿಗೆ ಇದು ಅನುಕೂಲವೇ. ಆದರೆ ಬಾಗಿಲ ಬೀಗದಲ್ಲೂ ಇಂಥ ಏರ್ಪಾಡು ಇದ್ದು, ತಮ್ಮನ ಮುಖ ನಿರಾಕರಣೆಯಾದ ಮರುಕ್ಷಣವೇ ಅಣ್ಣ ಪಿನ್ ಒತ್ತಿ ಬಾಗಿಲು ತೆರೆದರೆ, ಬೀಗಕ್ಕೆ ತಮ್ಮನ ಮುಖವನ್ನು ನಾವೇ ಕಲಿಸಿಕೊಟ್ಟಂತಾಗುತ್ತದೆ. ಆದ್ದರಿಂದ ಬೇರೆಯವರ ಮುಖ ಪರೀಕ್ಷಿಸುವಾಗ ನಿರಾಕರಣೆಯ ಬೆನ್ನಿಗೇ ಪಿನ್ ಒತ್ತಬಾರದು. ಕಲಿಕೆಯ ಆಯ್ಕೆ ಮೆನುವಿನಲ್ಲಿ ಕಂಡರೆ ಪರೀಕ್ಷೆ ಮುಗಿಯುವವರೆಗೆ ಅದನ್ನು ನಿಲ್ಲಿಸಿಡಬೇಕು.

ಒಂದು ನೋಟ್‌ಬುಕ್ ಸಾಕು. ಯಾರು, ಎಷ್ಟು ಹೊತ್ತಿಗೆ, ಯಾವ ಬೆಳಕಿನಲ್ಲಿ, ಎಷ್ಟು ದೂರದಲ್ಲಿ ನಿಂತರು, ಮುಖದ ಮೇಲೆ ಏನಿತ್ತು, ಬೀಗ ತೆರೆಯಿತೇ, ಎಷ್ಟು ಸೆಕೆಂಡ್ ಹಿಡಿಯಿತು ಎಂಬ ಅಂಕಣಗಳನ್ನು ಹಾಕಿಕೊಳ್ಳಿ. ಅಂಗಡಿಯವರೊಡನೆ ವಾದಿಸುವ ಸಂದರ್ಭ ಬಂದರೆ ‘ಆಗಾಗ ಕೈಕೊಡುತ್ತದೆ’ ಎಂಬ ದೂರಿಗಿಂತ ಆ ಪುಟಕ್ಕೆ ಹೆಚ್ಚು ಬೆಲೆ.

ಬೀಗದ ಕಣ್ಣು ಯಾವ ಬಗೆಯದು

ಪರೀಕ್ಷೆಯಲ್ಲಿ ಎಲ್ಲಿ ಹೆಚ್ಚು ಒತ್ತು ಹಾಕಬೇಕೆಂಬುದು ಕ್ಯಾಮೆರಾದ ಬಗೆಯನ್ನು ಅವಲಂಬಿಸಿದೆ. ಅಗ್ಗದ ವ್ಯವಸ್ಥೆಗಳಲ್ಲಿ ಸಾಧಾರಣ ಬಣ್ಣದ ಕ್ಯಾಮೆರಾ ಒಂದೇ ಇರುತ್ತದೆ, ಅದು ನೋಡುವುದು ಚಪ್ಪಟೆ ಚಿತ್ರವನ್ನು. ಅದಕ್ಕಿಂತ ಮೇಲಿನವು ಬಣ್ಣದ ಕ್ಯಾಮೆರಾದ ಜೊತೆಗೆ ಇನ್‌ಫ್ರಾರೆಡ್ ಕ್ಯಾಮೆರಾವನ್ನು ಸೇರಿಸುತ್ತವೆ. ಇನ್ನೂ ಮೇಲಿನವು ಮುಖದ ಮೇಲೆ ಕಣ್ಣಿಗೆ ಕಾಣದ ಚುಕ್ಕಿಗಳನ್ನು ಚೆಲ್ಲಿ, ಅಥವಾ ಬೆಳಕು ಹೋಗಿಬರುವ ಕಾಲವನ್ನು ಅಳೆದು, ಮೂಗು ಎಷ್ಟು ಮುಂದಿದೆ ಕೆನ್ನೆ ಎಷ್ಟು ಹಿಂದಿದೆ ಎಂಬ ಆಳವನ್ನು ಲೆಕ್ಕಹಾಕುತ್ತವೆ. ಫೇಸ್ ಐಡಿ 2017ರಲ್ಲಿ ಬಂದಾಗ ಮುಖದ ಮೇಲೆ ಚೆಲ್ಲುತ್ತಿದ್ದ ಚುಕ್ಕಿಗಳ ಸಂಖ್ಯೆ 30,000ಕ್ಕೂ ಹೆಚ್ಚು.

ಡಬ್ಬದ ಮೇಲೆ ‘3ಡಿ’ ಎಂದು ಅಚ್ಚಾಗಿದ್ದರೆ ಅದನ್ನು ಹಾಗೆಯೇ ನಂಬಬೇಕಾಗಿಲ್ಲ. ರಾತ್ರಿ ದೀಪ ಆರಿಸಿ, ಬೀಗವನ್ನು ಎಚ್ಚರಗೊಳಿಸಿ, ಅದರ ಮುಂಭಾಗವನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾದಿಂದ ನೋಡಬಹುದು. ಬರಿಗಣ್ಣಿಗೆ ಕಾಣದ ಇನ್‌ಫ್ರಾರೆಡ್ ದೀಪ ಅನೇಕ ಮೊಬೈಲ್ ಕ್ಯಾಮೆರಾಗಳಲ್ಲಿ ನೇರಳೆ ಅಥವಾ ಬಿಳಿ ಹೊಳಪಾಗಿ ಕಾಣಿಸುತ್ತದೆ. ಬರಿಗಣ್ಣಿಗೇ ಮಸುಕಾದ ಕೆಂಪು ಬಿಂದು ಕಂಡರೆ ಆ ದೀಪ 850 ನ್ಯಾನೊಮೀಟರ್ ಸುತ್ತಮುತ್ತಲಿನದು, ಏನೂ ಕಾಣದೆ ಮೊಬೈಲಿನಲ್ಲಿ ಮಾತ್ರ ಕಂಡರೆ ಬಹುಶಃ 940ರದು ಎಂದು ತಿಳಿಯಬಹುದು. ಇದು ಬರಿಯ ಕುತೂಹಲದ ಮಾತಲ್ಲ. ಸೂರ್ಯನ ಬೆಳಕಿನಲ್ಲೂ ಇನ್‌ಫ್ರಾರೆಡ್ ಧಾರಾಳವಾಗಿದೆ. 940ರ ಸುತ್ತಲಿನ ಭಾಗವನ್ನು ಗಾಳಿಯಲ್ಲಿನ ನೀರಾವಿ ಒಂದಷ್ಟು ಹೀರಿಕೊಳ್ಳುವುದರಿಂದ, ಬಿಸಿಲು ಬೀಳುವ ಬಾಗಿಲಿಗೆ ಆ ದೀಪವುಳ್ಳ ಬೀಗ ಹೆಚ್ಚು ಹೊಂದುತ್ತದೆ. ಮೊಬೈಲಿನಲ್ಲಿಯೂ ಯಾವ ಹೊಳಪೂ ಕಾಣದಿದ್ದರೆ, ಫೋಟೊ ಪರೀಕ್ಷೆಯನ್ನು ಎಲ್ಲಕ್ಕಿಂತ ಮೊದಲು ಮಾಡಿಬಿಡಿ. ಅದರಲ್ಲಿ ಸೋತ ಬೀಗದ ಉಳಿದ ಗುಣಗಳನ್ನು ಅಳೆಯುತ್ತ ಕೂರುವುದು ವ್ಯರ್ಥ.

ಮನೆಯವರಿಗೆ ತೆರೆಯುತ್ತದೆಯೇ

ನೋಂದಣಿ ಆದ ಪ್ರತಿಯೊಬ್ಬರೂ ಕನಿಷ್ಠ ಇಪ್ಪತ್ತು ಸಲ, ಬೇರೆ ಬೇರೆ ಹೊತ್ತಿನಲ್ಲಿ, ಪ್ರತಿ ಸಲವೂ ನಾಲ್ಕು ಹೆಜ್ಜೆ ಹಿಂದೆ ಹೋಗಿ ಮತ್ತೆ ನಡೆದು ಬಂದು ನಿಲ್ಲಬೇಕು. ಒಂದೇ ಜಾಗದಲ್ಲಿ ಕದಲದೆ ನಿಂತು ಇಪ್ಪತ್ತು ಸಲ ತೆರೆಸಿದರೆ ಅದು ಒಂದೇ ಪ್ರಯತ್ನದ ಇಪ್ಪತ್ತು ನಕಲುಗಳಷ್ಟೇ. ಇಪ್ಪತ್ತರಲ್ಲಿ ಒಂದು ಸಲ ತಪ್ಪಿದರೆ ಶೇಕಡಾ 5 ಎಂದಾಯಿತು. ಕೇಳಲು ಚಿಕ್ಕದೆನಿಸಿದರೂ, ನಾಲ್ಕು ಜನ ದಿನಕ್ಕೆ ಐದೈದು ಸಲ ಓಡಾಡುವ ಮನೆಯಲ್ಲಿ ದಿನಕ್ಕೊಮ್ಮೆ ಯಾರಾದರೊಬ್ಬರು ತರಕಾರಿ ಚೀಲ ಹಿಡಿದು ಬೀಗಕ್ಕೆ ಮತ್ತೆ ಮತ್ತೆ ಮುಖ ತೋರಿಸಬೇಕಾಗುತ್ತದೆ. ಇದರ ತೊಂದರೆ ಕಿರಿಕಿರಿಗೇ ನಿಲ್ಲುವುದಿಲ್ಲ. ಬೇಸತ್ತವರು ಸುಲಭದ ಪಿನ್ ಇಟ್ಟುಕೊಳ್ಳುತ್ತಾರೆ, ಆಗ ಮುಖದ ಬೀಗ ಹೋಗಿ ನಾಲ್ಕಂಕಿಯ ಬೀಗ ಉಳಿಯುತ್ತದೆ.

ಬೆಳಕಿನ ಪರೀಕ್ಷೆಯಲ್ಲಿ ಬಾಗಿಲು ಯಾವ ದಿಕ್ಕಿಗಿದೆ ಎಂಬುದನ್ನು ಗಮನಿಸಬೇಕು. ಪಡುವಣ ಬಾಗಿಲಿಗೆ ಸಂಜೆ ನಾಲ್ಕರಿಂದ ಆರರವರೆಗೆ ಓರೆ ಬಿಸಿಲು ನೇರವಾಗಿ ಬೀಗದ ಕಣ್ಣಿಗೇ ಹೊಡೆಯುತ್ತದೆ. ಮೂಡಣ ಬಾಗಿಲಿನಲ್ಲಿ ಬೆಳಗಿನ ಹೊತ್ತು ಅದೇ ಸ್ಥಿತಿ. ಬಾಗಿಲು ತೆರೆದ ಕಾರಿಡಾರಿಗೆ ಮುಖ ಮಾಡಿದ್ದರೆ, ನಿಂತವರ ಬೆನ್ನ ಹಿಂದೆ ಹೊಳೆಯುವ ಆಕಾಶವಿದ್ದು ಮುಖ ಕಪ್ಪಾಗಿ ಕಾಣುತ್ತದೆ. ಇದು ಬಿಸಿಲಿಗಿಂತಲೂ ಕಠಿಣ. ಕರೆಂಟು ಹೋದಾಗಿನ ಕಾರಿಡಾರಿನ ಕತ್ತಲೆಯನ್ನೂ ಮರೆಯಬಾರದು. ಮಳೆಗಾಲದಲ್ಲಿ ಕರಾವಳಿಯ ಕಡೆ ಎಸಿ ಕಾರಿನಿಂದ ಇಳಿದವರ ಕನ್ನಡಕ ಮಂಜುಗಟ್ಟುತ್ತದೆ, ಬೀಗದ ಗಾಜಿನ ಮೇಲೆ ಹನಿ ನಿಲ್ಲುತ್ತದೆ. ಒದ್ದೆ ಬಟ್ಟೆಯಿಂದ ಗಾಜನ್ನು ಒರಸಿ ಹಾಗೆಯೇ ಪರೀಕ್ಷಿಸಿದರೆ ಇದರ ಅಂದಾಜು ಸಿಗುತ್ತದೆ.

ಎತ್ತರ ಮತ್ತೊಂದು ವಿಷಯ. ಜೋಡಿಸುವವರು ಹಳೆಯ ಬೀಗದ ರಂಧ್ರ ಇದ್ದಲ್ಲಿಯೇ ಹೊಸದನ್ನೂ ಕೂರಿಸಲು ನೋಡುತ್ತಾರೆ. ಹಿಡಿಕೆಯ ಎತ್ತರದಲ್ಲಿ ಕುಳಿತ ಕ್ಯಾಮೆರಾ ಮೇಲಕ್ಕೆ ನೋಡಬೇಕಾಗುತ್ತದೆ. ಮನೆಯ ಅತಿ ಎತ್ತರದವರು, ಶಾಲೆಗೆ ಹೋಗುವ ಮಗು, ಬೆನ್ನು ಬಾಗಿದ ಅಜ್ಜಿ, ಗಾಲಿಕುರ್ಚಿಯಲ್ಲಿ ಕುಳಿತವರು ಇವರೆಲ್ಲರೂ ಬಗ್ಗದೆ, ಕತ್ತು ಚಾಚದೆ, ತಮ್ಮ ಸಹಜ ಭಂಗಿಯಲ್ಲಿ ನಿಂತು ನೋಡಬೇಕು. ಹೊಸ್ತಿಲ ಮುಂದೆ ಮೆಟ್ಟಿಲಿದ್ದರೆ ಮೆಟ್ಟಿಲ ಮೇಲೂ ಕೆಳಗೂ ನೋಡಬೇಕು.

ಇನ್ನು ಮುಖ ಬದಲಾಗುವ ಸಂದರ್ಭಗಳು. ತಯಾರಕರ ಕೈಪಿಡಿಗಳು ಕನ್ನಡಕ, ಟೋಪಿ, ಮಾಸ್ಕ್ ಎಂದು ಬರೆದು ಮುಗಿಸುತ್ತವೆ, ಆದರೆ ನಮ್ಮ ಮನೆಗಳ ಪಟ್ಟಿ ಬೇರೆ. ಅಡ್ಡ ವಿಭೂತಿ, ಉದ್ದ ನಾಮ, ಹಣೆ ತುಂಬ ಕುಂಕುಮ ಹಚ್ಚಿಕೊಂಡವರು, ಪೇಟ ಸುತ್ತಿದವರು, ತಲೆಗೆ ಸೆರಗು ಅಥವಾ ಹಿಜಾಬ್ ಇರುವವರು, ಮಂಕಿ ಕ್ಯಾಪ್ ಹಾಕಿಕೊಂಡು ಬೆಳಗಿನ ವಾಕಿಂಗ್ ಮುಗಿಸಿ ಬರುವ ಹಿರಿಯರು, ಹೋಳಿಯ ಬಣ್ಣ ಬಳಿದುಕೊಂಡ ಮಕ್ಕಳು ಎಲ್ಲರೂ ಬಾಗಿಲ ಮುಂದೆ ಬಂದೇ ಬರುತ್ತಾರೆ. ಅಯ್ಯಪ್ಪ ಮಾಲೆ ಧರಿಸಿದವರು 41 ದಿನಗಳ ವ್ರತದಲ್ಲಿ ಗಡ್ಡ ಬೆಳೆಸಿ, ಮುಗಿದ ಮೇಲೆ ಒಂದೇ ದಿನ ಅದನ್ನು ಬೋಳಿಸುತ್ತಾರೆ. ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದವರ ತಲೆಯಲ್ಲಿ ಕೂದಲೇ ಇರುವುದಿಲ್ಲ. ಇವುಗಳಲ್ಲಿ ಈಗಲೇ ಮಾಡಿ ನೋಡಬಹುದಾದವನ್ನು ಮಾಡಿ ನೋಡಿ, ಉಳಿದವು ಬಂದಾಗ ಗಮನಿಸಿ ಬರೆದಿಟ್ಟುಕೊಳ್ಳಬೇಕು. ಮೂಗು ಬಾಯಿ ಮುಚ್ಚಿದ ಮುಖವನ್ನು ಮಾತ್ರ ಬೇರೆ ದೃಷ್ಟಿಯಿಂದ ನೋಡಬೇಕು. ಮಾಸ್ಕ್ ಹಾಕಿದವರಿಗೂ ಬೀಗ ಸಲೀಸಾಗಿ ತೆರೆದರೆ ಸಂತೋಷಪಡುವ ಬದಲು ಅನುಮಾನಿಸಬೇಕು. ಅದು ಕಣ್ಣು ಹಣೆಗಳಷ್ಟನ್ನೇ ನೋಡಿ ತೀರ್ಮಾನಿಸುತ್ತಿದೆ ಎಂದರ್ಥ, ಹಾಗಾಗಿ ಅಣ್ಣತಮ್ಮಂದಿರ ಪರೀಕ್ಷೆಯನ್ನು ಮಾಸ್ಕ್ ಹಾಕಿಸಿ ಇನ್ನೊಮ್ಮೆ ನಡೆಸಬೇಕು.

ಒಬ್ಬರ ಮುಖ ಮತ್ತೆ ಮತ್ತೆ ತಪ್ಪುತ್ತಿದ್ದರೆ ತಂತ್ರಜ್ಞರು ಅದೇ ವ್ಯಕ್ತಿಯನ್ನು ಮೂರು ನಾಲ್ಕು ಹೆಸರುಗಳಲ್ಲಿ ನೋಂದಾಯಿಸುವ ಸಲಹೆ ಕೊಡುತ್ತಾರೆ, ಅಥವಾ ಮುಖ ಎಷ್ಟು ಹೊಂದಿದರೆ ತೆರೆಯಬೇಕೆಂಬ ಹೊಂದಿಕೆಯ ಮಟ್ಟವನ್ನು ಇಳಿಸಿಬಿಡುತ್ತಾರೆ. ಎರಡರಿಂದಲೂ ಮನೆಯವರಿಗೆ ತೆರೆಯುವುದು ಸುಲಭವಾಗುತ್ತದೆ, ಹೊರಗಿನವರಿಗೆ ತೆರೆಯುವುದೂ ಅಷ್ಟೇ ಸುಲಭವಾಗುತ್ತದೆ. ಹೀಗೆ ಏನನ್ನಾದರೂ ಬದಲಿಸಿದರೆ ಮುಂದಿನ ಭಾಗದ ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕಾಗುತ್ತದೆ.

ಬೇರೆಯವರಿಗೆ ತೆರೆಯದೆ ಇರುತ್ತದೆಯೇ

ಒಬ್ಬರನ್ನು ಮಾತ್ರ ನೋಂದಾಯಿಸಿ ಉಳಿದವರ ಹೆಸರುಗಳನ್ನು ಅಳಿಸಿ ಇದನ್ನು ಪ್ರಾರಂಭಿಸಬೇಕು. ತಾಯಿಯ ಮುಖವನ್ನು ಇಟ್ಟು ಮಗಳು, ಅಕ್ಕನ ಮುಖವನ್ನು ಇಟ್ಟು ತಂಗಿ, ತಂದೆಯ ಮುಖವನ್ನು ಇಟ್ಟು ಮಗ, ಹೀಗೆ ರಕ್ತಸಂಬಂಧಿಗಳು ಎದುರು ನಿಲ್ಲಲಿ. ಇಬ್ಬರು ಮಕ್ಕಳಿದ್ದರೆ ಒಬ್ಬರನ್ನು ನೋಂದಾಯಿಸಿ ಇನ್ನೊಬ್ಬರನ್ನು ಖಂಡಿತ ನಿಲ್ಲಿಸಿ ನೋಡಬೇಕು. ಒಂದೇ ರೂಪದ ಅವಳಿಗಳಿದ್ದರೆ ಬೀಗ ಸೋಲುತ್ತದೆಂದೇ ಭಾವಿಸಿಕೊಂಡು ಹೊರಡುವುದು ಲೇಸು. ಆ ಬಳಿಕ ನೆರೆಹೊರೆಯವರು, ನೆಂಟರು, ಅದೇ ವಯಸ್ಸಿನವರು, ಅದೇ ಬಗೆಯ ಕನ್ನಡಕದವರು. ಹತ್ತು ಹದಿನೈದು ಮಂದಿಯಲ್ಲಿ ಒಬ್ಬ ಅಪರಿಚಿತರಿಗೆ ಒಂದೇ ಒಂದು ಸಲ ತೆರೆದರೂ ಆ ಬೀಗವನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು. ಈ ವಿಷಯದಲ್ಲಿ ಸರಾಸರಿಯ ಮಾತು ಬೇಡ.

ಬೀಗಗಳು ಎಲ್ಲರ ಮುಖಗಳನ್ನೂ ಒಂದೇ ನಿಖರತೆಯಿಂದ ಬೇರ್ಪಡಿಸುವುದಿಲ್ಲ ಎಂಬುದು ದಾಖಲಾದ ಸಂಗತಿ. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2019ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ವರದಿಯಲ್ಲಿ 99 ತಯಾರಕರ, ಮುಖ ಗುರುತಿಸುವ 189 ಅಲ್ಗಾರಿದಮ್‌ಗಳನ್ನು (ಲೆಕ್ಕದ ಕ್ರಮಗಳನ್ನು) ಪರೀಕ್ಷಿಸಿ, ಒಬ್ಬರನ್ನು ಇನ್ನೊಬ್ಬರೆಂದು ಒಪ್ಪಿಬಿಡುವ ತಪ್ಪು ಜನಸಮೂಹದಿಂದ ಜನಸಮೂಹಕ್ಕೆ ಹತ್ತರಿಂದ ನೂರು ಪಟ್ಟಿನವರೆಗೂ ಏರಿಳಿಯುವುದುಂಟು ಎಂದು ತೋರಿಸಿತು. ಹೆಂಗಸರಲ್ಲಿ, ಮಕ್ಕಳಲ್ಲಿ ಮತ್ತು ವೃದ್ಧರಲ್ಲಿ ಆ ತಪ್ಪು ಹೆಚ್ಚೆಂದೂ ಕಂಡುಬಂತು. ಯಾವ ಮುಖಗಳನ್ನು ಕೊಟ್ಟು ತಂತ್ರಾಂಶಕ್ಕೆ ತರಬೇತಿ ನೀಡಿದ್ದಾರೆಂಬುದರ ಮೇಲೆ ಇದು ಬಹಳಮಟ್ಟಿಗೆ ನಿಂತಿದೆ. ಆದ್ದರಿಂದ ಬೇರೆ ದೇಶದಲ್ಲಿ ತಯಾರಾದ ಬೀಗದ ಡಬ್ಬದ ಮೇಲಿರುವ ಅಂಕಿಯನ್ನು ನಮ್ಮ ಮನೆಯ ಹೆಣ್ಣುಮಕ್ಕಳ, ಮಕ್ಕಳ ಮುಖಗಳಿಗೆ ಹಾಗೆಯೇ ಅನ್ವಯಿಸಲಾಗದು.

ಅಂಕಿಗಳ ಮಾತು ಬಂದದ್ದರಿಂದ ಮನೆಯ ಪರೀಕ್ಷೆಯ ಮಿತಿಯನ್ನೂ ಹೇಳಿಬಿಡಬೇಕು. ‘ಹತ್ತು ಲಕ್ಷದಲ್ಲಿ ಒಂದು ತಪ್ಪು’ ಎಂಬ ಹೇಳಿಕೆಯನ್ನು ನಾವು ಮನೆಯಲ್ಲಿ ಖಚಿತಪಡಿಸಿಕೊಳ್ಳಲು ಸಾಧ್ಯವೇ ಇಲ್ಲ. ಸಂಖ್ಯಾಶಾಸ್ತ್ರದಲ್ಲಿ ಮೂರರ ನಿಯಮ ಎಂದು ಕರೆಯುವ ಒಂದು ಸರಳ ಲೆಕ್ಕವಿದೆ: ಬಿಡಿಬಿಡಿಯಾದ 300 ಪ್ರಯತ್ನಗಳಲ್ಲಿ ಒಂದೂ ತಪ್ಪಾಗದಿದ್ದರೆ, ನಿಜವಾದ ತಪ್ಪಿನ ಪ್ರಮಾಣ 300ರಲ್ಲಿ 3ಕ್ಕಿಂತ, ಅಂದರೆ ಶೇಕಡಾ 1ಕ್ಕಿಂತ ಕಡಿಮೆ ಇರಬಹುದೆಂದು ಶೇಕಡಾ 95ರ ಭರವಸೆಯಿಂದ ಹೇಳಬಹುದು. ಹತ್ತು ಲಕ್ಷದಲ್ಲಿ ಒಂದೆಂಬುದನ್ನು ಹೀಗೆ ತೋರಿಸಲು ಒಂದೂ ತಪ್ಪಿಲ್ಲದ ಮೂವತ್ತು ಲಕ್ಷ ಪ್ರಯತ್ನಗಳು ಬೇಕು. ಅದರ ಮೇಲೆ ಐದು ಜನ ಅರವತ್ತು ಸಲ ನಿಂತರೆ ಅದು ಮುನ್ನೂರು ಜನ ನಿಂತಂತೆ ಆಗುವುದಿಲ್ಲ. ಮನೆಯ ಪರೀಕ್ಷೆ ಕೆಟ್ಟ ಬೀಗವನ್ನು ಹಿಡಿದುಕೊಡಬಲ್ಲದು, ಒಳ್ಳೆಯ ಬೀಗ ಎಷ್ಟು ಒಳ್ಳೆಯದೆಂದು ಅಳೆಯಲಾರದು.

ಅಪಾರ್ಟ್‌ಮೆಂಟ್ ಸಂಘದವರು ಇನ್ನೊಂದು ಲೆಕ್ಕವನ್ನು ಗಮನಿಸಬೇಕು. ಬೀಗದ ನೆನಪಿನಲ್ಲಿ ಇರುವ ಪ್ರತಿಯೊಂದು ಮುಖದ ಜೊತೆಗೂ ಎದುರು ನಿಂತವರ ಮುಖವನ್ನು ಹೋಲಿಸಲಾಗುತ್ತದೆ. ಒಂದು ಹೋಲಿಕೆಯಲ್ಲಿ ತಪ್ಪುವ ಸಾಧ್ಯತೆ 10,000ದಲ್ಲಿ 1 ಇದ್ದು, 100 ನಿವಾಸಿಗಳು ನೋಂದಣಿಯಾಗಿದ್ದರೆ, ಅಪರಿಚಿತರೊಬ್ಬರು ಯಾರಾದರೂ ಒಬ್ಬ ನಿವಾಸಿಯ ಹೆಸರಿನಲ್ಲಿ ಒಳಬರುವ ಸಾಧ್ಯತೆ ಸುಮಾರು 100ರಲ್ಲಿ 1ಕ್ಕೆ ಏರುತ್ತದೆ. ಮನೆಬಾಗಿಲಿಗೆ ಸಾಕೆನಿಸಿದ ಯಂತ್ರ ಗೇಟಿಗೆ ಸಾಲದೆ ಹೋಗುವುದು ಇದರಿಂದಲೇ. ಬಿಟ್ಟುಹೋದ ಬಾಡಿಗೆದಾರರ ಮುಖಗಳನ್ನು ಅಳಿಸದೆ ಇಟ್ಟುಕೊಳ್ಳುವ ಗೇಟಿನಲ್ಲಂತೂ ಈ ಅಪಾಯ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ.

ಫೋಟೊಗೆ ಮೋಸ ಹೋಗುತ್ತದೆಯೇ

ಮದುವೆಯ ಆಲ್ಬಮ್, ವಾಟ್ಸ್ಆ್ಯಪ್ ಡಿಪಿ, ಫೇಸ್‌ಬುಕ್ ಇವೆಲ್ಲದರಲ್ಲಿ ನಮ್ಮ ಮುಖ ಸಿಗುವಾಗ ಫೋಟೊ ಪರೀಕ್ಷೆಯನ್ನು ಬಿಡುವಂತಿಲ್ಲ. ಮೊದಲು ನೋಂದಾಯಿತ ವ್ಯಕ್ತಿಯ ಮುಖ ನೇರವಾಗಿ ಕಾಣುವ ಫೋಟೊವನ್ನು ಮೊಬೈಲಿನಲ್ಲೂ, ಮುಖದ ನಿಜ ಗಾತ್ರ ಬರುವಂತೆ ಟ್ಯಾಬ್ಲೆಟ್ ಅಥವಾ ಲ್ಯಾಪ್‌ಟಾಪಿನಲ್ಲೂ ತೋರಿಸಬೇಕು. ಕಣ್ಣು ಮಿಟುಕಿಸಿ ತಲೆ ಆಡಿಸುವ ವಿಡಿಯೊವನ್ನೂ ತೋರಿಸಬೇಕು; ‘ಜೀವಂತ ಮುಖವನ್ನು ಪತ್ತೆಹಚ್ಚುತ್ತದೆ’ ಎಂದು ಹೇಳುವ ಎಷ್ಟೋ ತಂತ್ರಾಂಶಗಳು ಕಣ್ಣು ಮಿಟುಕಿಸುವುದನ್ನಷ್ಟೇ ಕಾಯುತ್ತವೆ. ಇನ್‌ಫ್ರಾರೆಡ್ ಕ್ಯಾಮೆರಾ ಇರುವ ಬೀಗ ಈ ಹಂತವನ್ನು ಸುಲಭವಾಗಿ ದಾಟುತ್ತದೆ, ಏಕೆಂದರೆ ಮೊಬೈಲಿನ ಪರದೆ ಇನ್‌ಫ್ರಾರೆಡ್ ಬೆಳಕನ್ನು ಹೆಚ್ಚುಕಡಿಮೆ ಹೊರಸೂಸುವುದೇ ಇಲ್ಲ, ಆ ಕ್ಯಾಮೆರಾಗೆ ಅದು ಬರಿಯ ಕಪ್ಪು ಹಲಗೆ.

ಆದರೆ ಅಲ್ಲಿಗೇ ತೃಪ್ತರಾಗಬಾರದು. ಮುಂದಿನ ಪರೀಕ್ಷೆ ಕಾಗದದ ಮೇಲೆ ಮುದ್ರಿಸಿದ ಫೋಟೊದ್ದು, ಮತ್ತು ಇಲ್ಲಿ ಪ್ರಿಂಟರಿನ ಬಗೆ ಮುಖ್ಯವಾಗುತ್ತದೆ. ಇಂಕ್‌ಜೆಟ್ ಪ್ರಿಂಟರುಗಳ ಬಣ್ಣದ ಶಾಯಿಗಳಲ್ಲಿ ಅನೇಕವು ಇನ್‌ಫ್ರಾರೆಡ್ ಬೆಳಕಿಗೆ ಪಾರದರ್ಶಕವಾಗಿದ್ದು, ಆ ಕ್ಯಾಮೆರಾಗೆ ಕಾಗದ ಖಾಲಿಯಾಗಿ ಕಾಣಬಹುದು. ಲೇಸರ್ ಪ್ರಿಂಟರಿನ ಕಪ್ಪು ಟೋನರಿನಲ್ಲಿ ಇಂಗಾಲವಿರುವುದರಿಂದ ಅದು ಇನ್‌ಫ್ರಾರೆಡ್ಡನ್ನು ಹೀರಿ ಮುಖದ ಆಕಾರವನ್ನು ಸ್ಪಷ್ಟವಾಗಿ ಮೂಡಿಸುತ್ತದೆ. ಆದ್ದರಿಂದ ಝೆರಾಕ್ಸ್ ಅಂಗಡಿಯಲ್ಲಿ ಲೇಸರ್ ಪ್ರಿಂಟರಿನಿಂದ, ಹೊಳಪಿಲ್ಲದ ಕಾಗದದ ಮೇಲೆ, ನಿಜ ಗಾತ್ರದ ಕಪ್ಪುಬಿಳುಪು ಮುದ್ರಣವನ್ನು ತೆಗೆಸಿ ಪರೀಕ್ಷಿಸಬೇಕು; ಅದನ್ನು ಚಪ್ಪಟೆಯಾಗಿಯೂ ಸ್ವಲ್ಪ ಬಾಗಿಸಿಯೂ, ಬೆಳಕಿನಲ್ಲೂ ಕತ್ತಲಲ್ಲೂ ಹಿಡಿದು ನೋಡಬೇಕು. 2017ರ ಡಿಸೆಂಬರ್‌ನಲ್ಲಿ ಜರ್ಮನಿಯ ಎಸ್‌ವೈಎಸ್‌ಎಸ್ ಸಂಸ್ಥೆಯ ಸಂಶೋಧಕರು ಇನ್‌ಫ್ರಾರೆಡ್ ಕ್ಯಾಮೆರಾ ಬಳಸುತ್ತಿದ್ದ ವಿಂಡೋಸ್ ಹಲೋವನ್ನು (ಮುಖ ನೋಡಿ ಕಂಪ್ಯೂಟರ್ ತೆರೆಯುವ ಮೈಕ್ರೋಸಾಫ್ಟ್ ವ್ಯವಸ್ಥೆಯನ್ನು) ಅದರ ಕೆಲವು ಆವೃತ್ತಿಗಳಲ್ಲಿ ಮೋಸಗೊಳಿಸಿದ್ದು ಇಂಥದೇ ಕಾಗದದಿಂದ, ಇನ್‌ಫ್ರಾರೆಡ್‌ನಲ್ಲಿ ತೆಗೆದ ಮುಖಚಿತ್ರವನ್ನು ಮುದ್ರಿಸಿ.

ಮುಖವಾಡದ ಪರೀಕ್ಷೆ ಮನೆಯವರ ಕೆಲಸವಲ್ಲ. ವಿಯೆಟ್ನಾಮಿನ ಬಿಕಾವ್ ಸಂಸ್ಥೆ 2017ರ ನವೆಂಬರ್‌ನಲ್ಲಿ ಫೇಸ್ ಐಡಿಯನ್ನು ಮುಖವಾಡದಿಂದ ತೆರೆದು ತೋರಿಸಿತ್ತು, ಆದರೆ ನಮ್ಮ ಮನೆಗೆ ಬರುವ ಕಳ್ಳ ಅಷ್ಟು ಶ್ರಮಪಡುವ ಬದಲು ಕಿಟಕಿಯ ಸರಳನ್ನು ನೋಡುತ್ತಾನೆ. ಅದನ್ನು ಪ್ರಯೋಗಾಲಯಗಳಿಗೆ ಬಿಟ್ಟು, ಐಎಸ್‌ಒ/ಐಇಸಿ 30107-3 ಎಂಬ, ಫೋಟೊ ಮುಖವಾಡಗಳಂಥ ಮೋಸವನ್ನು ತಡೆಯುವ ಶಕ್ತಿಯನ್ನು ಪರೀಕ್ಷಿಸುವ ಮಾನಕದ ಪ್ರಕಾರ ಈ ಮಾದರಿಯನ್ನು ಪರೀಕ್ಷಿಸಿದ ವರದಿ ಇದೆಯೇ ಎಂದು ಮಾರಾಟಗಾರರನ್ನು ಕೇಳಬಹುದು. ವರದಿಯಲ್ಲಿರುವ ಮಾದರಿಯ ಸಂಖ್ಯೆ ನಿಮ್ಮ ಬೀಗದ್ದೇ ಆಗಿರಬೇಕು. ಇದಕ್ಕಿಂತ ಹತ್ತಿರದ ಅಪಾಯ ಬೇರೆಯಿದೆ: ಕಣ್ಣು ಮುಚ್ಚಿ ಮುಖವನ್ನು ಒಡ್ಡಿ ನೋಡಿ. ಮುಚ್ಚಿದ ಕಣ್ಣಿಗೂ ಬೀಗ ತೆರೆದರೆ, ಪ್ರಜ್ಞೆಯಿಲ್ಲದವರನ್ನು ಎತ್ತಿ ಹಿಡಿದರೂ ಅದು ತೆರೆಯುತ್ತದೆ.

ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊನೆಯ ವರ್ಷದ ಪ್ರಾಜೆಕ್ಟಿಗಾಗಿ ರಾಸ್ಪ್‌ಬೆರಿ ಪೈ ಅಥವಾ ಇಎಸ್‌ಪಿ32-ಕ್ಯಾಮ್‌ನಿಂದ (ಇವು ಪುಟ್ಟ ಕಂಪ್ಯೂಟರ್ ಬೋರ್ಡುಗಳು) ಕಟ್ಟುವ ಬೀಗಗಳು ಈ ಹಂತದಲ್ಲಿ ಬಹುತೇಕ ಸೋಲುತ್ತವೆ, ಏಕೆಂದರೆ ಅವುಗಳಲ್ಲಿ ಇರುವುದು ಬಣ್ಣದ ಕ್ಯಾಮೆರಾ ಒಂದೇ. ಪೈಥಾನ್‌ನ ಫೇಸ್ ರೆಕಗ್ನಿಷನ್ ಲೈಬ್ರರಿ ಬಳಸುವವರು ಅದರ ಮೂಲ ಮಿತಿಯಾದ 0.6 ಅನ್ನು ಹಾಗೆಯೇ ಬಿಡುತ್ತಾರೆ. ಇದು ಎರಡು ಮುಖಗಳ ನಡುವೆ ಒಪ್ಪಬಹುದಾದ ಅಂತರದ ಮಿತಿ, ಇಳಿಸಿದಷ್ಟೂ ಬೀಗ ಬಿಗಿಯಾಗುತ್ತದೆ. ಅದನ್ನು 0.5ಕ್ಕೋ ಇನ್ನೂ ಕೆಳಕ್ಕೋ ಇಳಿಸುತ್ತ ಹೋಗಿ, ಪ್ರತಿ ಮೆಟ್ಟಿಲಲ್ಲೂ ಮನೆಯವರಿಗೆ ತೆರೆಯದಿರುವುದು, ಬೇರೆಯವರಿಗೆ ತೆರೆಯುವುದು ಎಂಬ ಎರಡು ಬಗೆಯ ತಪ್ಪುಗಳನ್ನು ಬೇರೆ ಬೇರೆ ಎಣಿಸಿ ವರದಿಯಲ್ಲಿ ಕೊಟ್ಟರೆ ಆ ವರದಿಗೆ ತೂಕ ಬರುತ್ತದೆ. ‘ನಿಖರತೆ ಶೇಕಡಾ ಇಷ್ಟು’ ಎಂಬ ಒಂಟಿ ಅಂಕಿ, ಯಾರಿಗೆ ತೆರೆಯಿತು ಯಾರಿಗೆ ತೆರೆಯಲಿಲ್ಲ ಎಂಬುದನ್ನು ಮರೆಮಾಚುತ್ತದೆ.

ಮುಖವನ್ನು ಬಿಟ್ಟು ಉಳಿದದ್ದು

ಬೀಗವನ್ನು ಮುರಿಯುವವರು ಮುಖದ ಗೋಜಿಗೇ ಹೋಗದಿರಬಹುದು. ಗೋಡೆಯ ಮೇಲಿನ ಯಂತ್ರ ಮತ್ತು ಮ್ಯಾಗ್ನೆಟಿಕ್ ಲಾಕ್ ಇರುವ ಕಡೆ, ಬೀಗಕ್ಕೆ ಆಜ್ಞೆ ಕೊಡುವ ರಿಲೇ ಎಲ್ಲಿದೆ ಎಂಬುದನ್ನು ಮೊದಲು ಕೇಳಿ ತಿಳಿಯಬೇಕು. ಅದು ಬಾಗಿಲ ಹೊರಗಿನ ಯಂತ್ರದೊಳಗೇ ಇದ್ದರೆ, ಯಂತ್ರದ ತಿರುಪು ಬಿಚ್ಚಿ ಹಿಂದಿನ ಎರಡು ವೈರುಗಳನ್ನು ತಾಗಿಸಿದವರಿಗೆ ಬಾಗಿಲು ತೆರೆಯಬಹುದು. ಸಾವಿರಾರು ರೂಪಾಯಿಯ ಕ್ಯಾಮೆರಾಗೆ ಆಗ ಯಾವ ಅರ್ಥವೂ ಉಳಿಯದು. ರಿಲೇ ಒಳಗಿನ ಪ್ರತ್ಯೇಕ ಪೆಟ್ಟಿಗೆಯಲ್ಲಿರಬೇಕು, ಯಂತ್ರವನ್ನು ಗೋಡೆಯಿಂದ ಎತ್ತಿದ ಕೂಡಲೇ ಎಚ್ಚರಿಕೆಯ ಗಂಟೆ ಮೊಳಗಬೇಕು. ಎರಡನ್ನೂ ಜೋಡಿಸಿದವರ ಸಮ್ಮುಖದಲ್ಲೇ ಮಾಡಿಸಿ ನೋಡಿ.

ವಿದ್ಯುತ್ ಹೋದಾಗ ಏನಾಗುತ್ತದೆಂಬುದು ಬೀಗದ ಬಗೆಯ ಮೇಲೆ ಹೋಗುತ್ತದೆ. ಸಾಮಾನ್ಯವಾಗಿ 12 ವೋಲ್ಟ್‌ನಲ್ಲಿ ನಡೆಯುವ ಮ್ಯಾಗ್ನೆಟಿಕ್ ಲಾಕ್ ಕರೆಂಟು ನಿಂತ ಕ್ಷಣವೇ ಬಿಟ್ಟುಕೊಳ್ಳುತ್ತದೆ. ಬೆಂಕಿ ಬಿದ್ದಾಗ ಜನ ಹೊರಬರಲು ಅದೇ ಬೇಕು, ಆದರೆ ಬ್ಯಾಕಪ್ ಬ್ಯಾಟರಿ ಸತ್ತ ರಾತ್ರಿ ಗೇಟು ಹಾರುಹೊಡೆದಿರುತ್ತದೆ. ಮುಖ್ಯ ಸ್ವಿಚ್ ಆರಿಸಿ ಬ್ಯಾಕಪ್ ಎಷ್ಟು ಗಂಟೆ ತಡೆಯುತ್ತದೆಂದು ನೋಡಬೇಕು. ಮನೆಯ ಬ್ಯಾಟರಿ ಬೀಗದಲ್ಲಿ ಪರೀಕ್ಷೆ ತಿರುಗಮುರುಗ: ಬಾಗಿಲು ತೆರೆದಿಟ್ಟು, ಬೀಗ ಹಾಕಿಸಿ, ಬ್ಯಾಟರಿ ತೆಗೆದುಬಿಡಿ. ಹೊರಗಿನಿಂದ ಯುಎಸ್‌ಬಿ-ಸಿ ಪವರ್ ಬ್ಯಾಂಕ್ ಅಥವಾ 9 ವೋಲ್ಟ್ ಬ್ಯಾಟರಿ ತಾಗಿಸಿ ಬೀಗವನ್ನು ಎಬ್ಬಿಸಲು ಸಾಧ್ಯವಾಗಬೇಕು, ಲೋಹದ ಕೀಲಿಗೂ ಅದು ತೆರೆಯಬೇಕು. ಒಳಗಿನಿಂದ ಹಿಡಿಕೆ ತಿರುಗಿಸಿದರೆ ಬ್ಯಾಟರಿ ಇರಲಿ ಇಲ್ಲದಿರಲಿ, ಮುಖ ತೋರಿಸದೆ, ಏನನ್ನೂ ಒತ್ತದೆ ಬಾಗಿಲು ತೆರೆಯಲೇಬೇಕು. ಈ ಒಂದು ಪರೀಕ್ಷೆಯಲ್ಲಿ ಸೋತ ಬೀಗವನ್ನು ಅದೇ ದಿನ ಬಿಚ್ಚಿಸಿ.

ಆಮೇಲೆ ಬಾಗಿಲನ್ನು ಮುಚ್ಚಿ ಬೋಲ್ಟನ್ನು ನೋಡಬೇಕು. ಮಲೆನಾಡು ಮತ್ತು ಕರಾವಳಿಯಲ್ಲಿ ಮರದ ಬಾಗಿಲು ಮಳೆಗಾಲಕ್ಕೆ ಉಬ್ಬುತ್ತದೆ, ಬೋಲ್ಟ್ ಚೌಕಟ್ಟಿನ ರಂಧ್ರಕ್ಕೆ ನೇರವಾಗಿ ಸೇರದೆ ಅರ್ಧಕ್ಕೆ ನಿಲ್ಲುತ್ತದೆ. ಒಳ್ಳೆಯ ಬೀಗ ಆಗ ಕೂಗಿ ಹೇಳುತ್ತದೆ. ಕೆಟ್ಟದ್ದು ಮೋಟಾರು ತಿರುಗಿತೆಂಬ ಕಾರಣಕ್ಕೆ ‘ಬೀಗ ಹಾಕಿದೆ’ ಎಂದು ಆ್ಯಪಿನಲ್ಲಿ ತೋರಿಸುತ್ತದೆ. ಬಾಗಿಲು ಮತ್ತು ಚೌಕಟ್ಟಿನ ನಡುವೆ ಮಡಿಸಿದ ರಟ್ಟನ್ನು ಸಿಕ್ಕಿಸಿ ಬಾಗಿಲು ಪೂರ್ತಿ ಕೂರದಂತೆ ಮಾಡಿ, ಬೀಗ ಏನೆಂದು ವರದಿ ಮಾಡುತ್ತದೆಂದು ನೋಡಿ.

ತಂತ್ರಾಂಶದ ಕಡೆ ಸಾಮಾನ್ಯರು ಮಾಡಬಹುದಾದದ್ದು ಸ್ವಲ್ಪವೇ. ಕಾರ್ಖಾನೆಯಿಂದ ಬಂದ ಅಡ್ಮಿನ್ ಪಿನ್ ಬದಲಾಗಿರಬೇಕು, ತಪ್ಪು ಪಿನ್ನನ್ನು ಹಲವು ಸಲ ಒತ್ತಿದರೆ ಬೀಗ ಸ್ವಲ್ಪ ಹೊತ್ತು ಸ್ತಬ್ಧವಾಗಬೇಕು, ವೈಫೈ ಆರಿಸಿದರೂ ಮುಖಕ್ಕೆ ತೆರೆಯಬೇಕು. ಕ್ಯೂಆರ್ ಕೋಡ್ ಓದುವ ಸೌಲಭ್ಯ ಬೇಕಿಲ್ಲದಿದ್ದರೆ ನಿಲ್ಲಿಸಿಬಿಡಿ. 2024ರಲ್ಲಿ ಕ್ಯಾಸ್ಪರ್‌ಸ್ಕಿ ಸಂಶೋಧಕರು ಝಡ್‌ಕೆಟೆಕೊ ಸಂಸ್ಥೆಯ ಒಂದು ಮುಖ ಓದುವ ಯಂತ್ರದಲ್ಲಿ 24 ದೋಷಗಳನ್ನು ಪತ್ತೆಮಾಡಿದ್ದರು. ಅವುಗಳಲ್ಲೊಂದರ ಮೂಲಕ, ದತ್ತಾಂಶ ಕೋಶಕ್ಕೆ ಹೊರಗಿನ ಆಜ್ಞೆಯನ್ನು ನುಸುಳಿಸುವ ಕ್ಯೂಆರ್ ಕೋಡನ್ನು ಕ್ಯಾಮೆರಾಗೆ ಹಿಡಿದವರನ್ನು ಯಂತ್ರ ಅಧಿಕೃತ ವ್ಯಕ್ತಿಯೆಂದೇ ಒಪ್ಪಿಕೊಳ್ಳುತ್ತಿತ್ತು. ಇಂಥ ದೋಷಗಳನ್ನು ಮುಚ್ಚಲು ನವೀಕರಣಗಳು ಬರುತ್ತವೆ, ಹಾಕಿಕೊಳ್ಳಲೇಬೇಕು. ಆದರೆ ನವೀಕರಣವು ಹೊಂದಿಕೆಯ ಮಟ್ಟವನ್ನೂ ಸದ್ದಿಲ್ಲದೆ ಬದಲಿಸಿರಬಹುದು. ಹಾಕಿಕೊಂಡ ದಿನ ಲೇಸರ್ ಮುದ್ರಣದ ಫೋಟೊ, ಅಣ್ಣತಮ್ಮಂದಿರ ಮುಖ, ಒಳಗಿನ ಹಿಡಿಕೆ ಈ ಮೂರನ್ನು ಮಾತ್ರ ಮತ್ತೆ ನೋಡಿದರೆ ಸಾಕು. ಆ ಮುದ್ರಣವನ್ನು ಇದಕ್ಕಾಗಿಯೇ ಮನೆಯೊಳಗೆ ಭದ್ರವಾಗಿ ಎತ್ತಿಡಬೇಕು.

ಅಳಿಸಿದ ಮುಖ ನಿಜವಾಗಿ ಅಳಿಯಿತೇ

ಒಬ್ಬರ ಮುಖವನ್ನು ನೋಂದಾಯಿಸಿ, ತೆರೆಯುವುದನ್ನು ನೋಡಿ, ಆ್ಯಪಿನಿಂದ ಅಳಿಸಿ, ವೈಫೈ ಆರಿಸಿದ ಸ್ಥಿತಿಯಲ್ಲಿ ಅವರನ್ನು ಮತ್ತೆ ನಿಲ್ಲಿಸಬೇಕು. ಆ್ಯಪಿನ ಪಟ್ಟಿಯಲ್ಲಿ ಹೆಸರು ಹೋಗಿ ಬೀಗದ ನೆನಪಿನಲ್ಲಿ ಮುಖ ಉಳಿದಿರುವ ಸಾಧ್ಯತೆಯನ್ನು ಇದು ಬಯಲುಮಾಡುತ್ತದೆ. ಮನೆಗೆಲಸಕ್ಕೆ ಬರುವವರಿಗೆ ಸಮಯದ ಮಿತಿ ಹಾಕಿ ಕೊಟ್ಟಿದ್ದರೆ, ಆ ಸಮಯ ಮುಗಿದ ಮೇಲೆ ಅವರಿಗೆ ತೆರೆಯುತ್ತದೆಯೇ ಎಂಬುದನ್ನು ಅವರ ಎದುರಿಗೇ, ಅವರಿಗೆ ತಿಳಿಸಿಯೇ ನೋಡಿ. ಗುಟ್ಟಾಗಿ ಮಾಡುವಂಥದ್ದು ಇದರಲ್ಲಿ ಏನೂ ಇಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ವ್ಯಕ್ತಿಯೊಬ್ಬರು ತಮ್ಮ ಖಾಸಗಿ ಅಥವಾ ಮನೆಯ ಉದ್ದೇಶಕ್ಕಾಗಿ ಬಳಸುವ ದತ್ತಾಂಶಕ್ಕೆ ಅನ್ವಯಿಸುವುದಿಲ್ಲ. ಗೇಟಿನಲ್ಲಿ ನೂರಾರು ಜನರ ಮುಖಗಳನ್ನು ಕೂಡಿಡುವ ನಿವಾಸಿಗಳ ಸಂಘ ಆ ವಿನಾಯಿತಿಯ ನೆರಳಿಗೆ ಬರುತ್ತದೆಂದು ಎಣಿಸುವುದು ಸರಿಯಲ್ಲ. ನಿವಾಸಿಗಳ ಒಪ್ಪಿಗೆಯನ್ನು, 18 ವರ್ಷದೊಳಗಿನವರಿಗಾಗಿ ಹೆತ್ತವರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆದು, ಮುಖ ಕೊಡಲೊಪ್ಪದವರಿಗೆ ಕಾರ್ಡಿನ ದಾರಿಯನ್ನು ತೆರೆದಿಡಬೇಕು. ಬೀಗವನ್ನು ಅಂಗಡಿಗೆ ಹಿಂತಿರುಗಿಸುವುದಾದರೆ, ಡಬ್ಬಕ್ಕೆ ತುಂಬುವ ಮೊದಲು ಕಾರ್ಖಾನೆಯ ಸ್ಥಿತಿಗೆ ಮರಳಿಸಿ, ಬ್ಯಾಟರಿ ತೆಗೆದು ಮತ್ತೆ ಕೂರಿಸಿ, ನೋಂದಾಯಿಸಿದ್ದ ಪ್ರತಿಯೊಬ್ಬರೂ ಒಮ್ಮೊಮ್ಮೆ ಅದರ ಎದುರು ನಿಂತು ಅದು ಯಾರನ್ನೂ ಗುರುತಿಸುತ್ತಿಲ್ಲವೆಂದು ನೋಡಿಕೊಂಡು, ಆ್ಯಪಿನ ಖಾತೆಯನ್ನೂ ಅಳಿಸಿಯೇ ಕಳುಹಿಸಬೇಕು.